ತಾತನ ಹೆಸರು ಪಹಣಿಯಲ್ಲಿದೆ, ಅಜ್ಜಿಯ ಹೆಸರೆಲ್ಲಿ?

ರಾಗಿ ಒಕ್ಕಣೆ ಮುಗಿದು, ಹುಲ್ಲು ಮೆದೆಯಾಗಿ, ಕಣ ಬರಿದಾದ ದಿನಗಳಲ್ಲಿ ಪಾಂಡವಪುರ, ನಾಗಮಂಗಲ ಸೀಮೆಯ ಹಳ್ಳಿಗಳಿಗೆ ಹೆಳವರು ಬರುತ್ತಿದ್ದುದನ್ನು ನಿಮ್ಮಲ್ಲಿ ವಯಸ್ಸಾದವರು ಕಂಡಿರುತ್ತೀರಿ. ಎತ್ತಿನ ಮೇಲೆ ಕುಳಿತು, ಕಾಲನ್ನು ಕಂಬಳಿಯಲ್ಲಿ ಮುಚ್ಚಿಕೊಂಡು, ಗಂಟೆ ಬಾರಿಸುತ್ತಾ ಮನೆಯ ಮುಂದೆ ನಿಲ್ಲುವರು. ನಿಮ್ಮ ಮುತ್ತಾತ ಯಾರು, ಅವನ ಅಪ್ಪ ಯಾರು, ಯಾವ ಊರು ಬಿಟ್ಟು ಬಂದರು, ಯಾವ ದೇವರ ಒಕ್ಕಲು, ಗಂಡುಮಕ್ಕಳು ಎಷ್ಟು, ಯಾರಿಗೆ ಸಂತಾನವಿಲ್ಲದೆ ಹೋಯಿತು ಎಂಬುದನ್ನೆಲ್ಲ ರಾಗವಾಗಿ ಒಪ್ಪಿಸುವರು. ಮೊರದ ತುಂಬ ರಾಗಿ ಪಡೆದು, ಹೊಸದಾಗಿ ಹುಟ್ಟಿದ ಕೂಸಿನ ಹೆಸರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು ಮುಂದಿನ ಮನೆಗೆ ನಡೆಯುವರು. ಎಡ್ಗರ್ ಥರ್ಸ್ಟನ್ ಎಂಬ ಇಂಗ್ಲಿಷರವನು 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿಗಳ ಗ್ರಂಥದಲ್ಲಿ, ಬಳ್ಳಾರಿ ಮತ್ತು ಮೈಸೂರು ಸೀಮೆಯ ಹಳ್ಳಿಗಳ ಚರಿತ್ರೆ ಈ ಜನರ ವಶದಲ್ಲಿದೆ ಎಂದು ಬರೆದಿದ್ದಾನೆ. ಆ ಗ್ರಂಥವನ್ನು ಈಗ ಆರ್ಕೈವ್ ಡಾಟ್ ಆರ್ಗ್ ಎಂಬ ಜಾಲತಾಣದಲ್ಲಿ ಒಂದು ಕಾಸೂ ಕೊಡದೆ ಮೊಬೈಲಿನಲ್ಲೇ ಓದಬಹುದು.

ಹೆಳವರು ಬರುವುದು ಈಗ ಅಪರೂಪವಾಗಿದೆ. ಬಂದರೂ ಜಗಲಿಯ ಮೇಲೆ ಕೂರಿಸಿ ಕೇಳುವ ವ್ಯವಧಾನ ನಮಗಿಲ್ಲ. ಆದರೆ ಹೆಳವರ ಪುಸ್ತಕದಂತೆಯೇ ನಮ್ಮ ಮನೆತನದ ಹೆಸರುಗಳನ್ನು ಹಿಡಿದಿಟ್ಟುಕೊಂಡಿರುವ ಇನ್ನೊಂದು ಪುಸ್ತಕವಿದೆ. ಅದು ಕಂದಾಯ ಇಲಾಖೆಯ ದಾಖಲೆ. ಅದರ ಒಂದು ದೊಡ್ಡ ಭಾಗವನ್ನು ಸರ್ಕಾರ ಯಾರು ಬೇಕಾದರೂ ಪುಕ್ಕಟೆ ನೋಡುವಂತೆ ತೆರೆದಿಟ್ಟಿದೆ. ಅದನ್ನು ಹಿಡಿದು ನಿಮ್ಮ ಮನೆಯ ವಂಶಾವಳಿಯನ್ನು ನೀವೇ ಬರೆದುಕೊಳ್ಳಬೇಕು, ಬರೆಯುವಾಗ ಆ ದಾಖಲೆ ಹೇಳದೆ ಬಿಟ್ಟವರನ್ನೂ ಸೇರಿಸಿ ಬರೆಯಬೇಕು. ಈ ಎರಡು ಮಾತುಗಳನ್ನು ನಿಮ್ಮ ಮುಂದೆ ಇಡುವುದಕ್ಕಾಗಿ ಈ ಲೇಖನ.

ವಂಶಾವಳಿ ಎಂದರೆ ಹೊತ್ತು ಹೋಗದ ಪಟ್ಟಣಿಗರ ಹವ್ಯಾಸ, ನಮಗೇತಕ್ಕೆ ಎನ್ನುವವರಿದ್ದಾರೆ. ಬಂಧುಗಳೇ, ನಿಮ್ಮ ಊರಿನಲ್ಲೇ ಒಮ್ಮೆ ವಿಚಾರಿಸಿ ನೋಡಿ. ಸತ್ತು ಮೂವತ್ತು ನಲವತ್ತು ವರ್ಷವಾದ ತಾತನ ಹೆಸರಿನಲ್ಲೇ ಪಹಣಿ ಉಳಿದಿರುವ ಮನೆಗಳು ಎಷ್ಟಿವೆ? ಅಂಥ ಜಮೀನಿನ ಮೇಲೆ ಬೆಳೆಸಾಲ ಕೇಳಿದರೆ ಸಿಗದು. ಬೆಳೆ ನಷ್ಟದ ಪರಿಹಾರ ಬಂದರೆ ಯಾರ ಖಾತೆಗೆ ಹಾಕಬೇಕೆಂಬ ಪ್ರಶ್ನೆ ಏಳುತ್ತದೆ. ಪೌತಿ ಖಾತೆ ಮಾಡಿಸಲು ಹೋದರೆ ಮೊದಲು ಕೇಳುವುದೇ ವಂಶವೃಕ್ಷ. ಆಗ ತರಾತುರಿಯಲ್ಲಿ, ಅಂಗಡಿಯ ಜಗಲಿಯ ಮೇಲೆ ಕುಳಿತು, ನೆನಪಿಗೆ ಬಂದ ನಾಲ್ಕು ಹೆಸರು ಬರೆದು ಕೊಟ್ಟು ಬರುತ್ತೇವೆ. ಹಾಗೆ ಬರೆದ ಹಾಳೆಯೇ ಮುಂದೆ ನ್ಯಾಯಾಲಯದಲ್ಲಿ ನಮ್ಮ ಮುಂದೆ ಬಂದು ನಿಲ್ಲುತ್ತದೆ.

ದಾಖಲೆ ನೋಡುವುದು ಕಷ್ಟದ ಕೆಲಸವಲ್ಲ. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಡಿ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆ ಭೂಮಿ ಜಾಲತಾಣದಲ್ಲಿ ಮಂಡ್ಯ ಜಿಲ್ಲೆ, ಪಾಂಡವಪುರ ತಾಲ್ಲೂಕು, ಚಿನಕುರಳಿಯೋ ಮೇಲುಕೋಟೆಯೋ ನಿಮ್ಮ ಹೋಬಳಿ, ಗ್ರಾಮ, ಸರ್ವೆ ನಂಬರು ಎಂದು ಒಂದೊಂದಾಗಿ ಆರಿಸುತ್ತಾ ಹೋದರೆ ಪಹಣಿ ಎದುರಿಗೆ ಬರುತ್ತದೆ. ನೋಡುವುದಕ್ಕೆ ದುಡ್ಡಿಲ್ಲ, ಕಚೇರಿಗೆ ಕೊಡಬೇಕಾದ ದೃಢೀಕೃತ ನಕಲು ಬೇಕಾದರೆ ಮಾತ್ರ ಶುಲ್ಕ. ಈ ವರ್ಷದ ಪಹಣಿಯನ್ನಷ್ಟೇ ನೋಡಿ ನಿಲ್ಲಿಸಬೇಡಿ. ಹಳೆಯ ವರ್ಷಗಳದ್ದನ್ನು ನೋಡುವ ಅವಕಾಶವೂ ಅಲ್ಲೇ ಇದೆ. ಹಿಂದಕ್ಕೆ ಹೋದಂತೆ ಹೆಸರು ಎಲ್ಲಿ ಬದಲಾಗುತ್ತದೆಯೋ ಆ ವರ್ಷವನ್ನು ಗುರುತು ಹಾಕಿಕೊಳ್ಳಿ. ಒಂಬತ್ತನೆಯ ಅಂಕಣದಲ್ಲಿ ಖಾತೆದಾರರ ಹೆಸರು, ಹತ್ತರಲ್ಲಿ ಜಮೀನು ಅವರಿಗೆ ಬಂದ ಬಗೆ ಇರುತ್ತದೆ. ನಮ್ಮವರು ಒಂಬತ್ತನೆಯದನ್ನು ಓದಿ ಮೊಬೈಲು ಮುಚ್ಚಿಬಿಡುತ್ತಾರೆ. ಮನೆತನದ ಕಥೆ ಇರುವುದು ಹತ್ತರಲ್ಲಿ. ಎಂ.ಆರ್. ಸಂಖ್ಯೆ, ವರ್ಷ, ‘ಪೌತಿ’, ‘ವಿಭಾಗ’, ‘ಕ್ರಯ’, ‘ದಾನ’ ಎಂಬ ಒಂದೊಂದು ಮಾತು ಅಲ್ಲಿರುತ್ತದೆ. ಅಷ್ಟು ಸಿಕ್ಕರೆ ದಾರದ ತುದಿ ಕೈಗೆ ಬಂದಂತೆ.

ಕಂಪ್ಯೂಟರಿಗೂ ಹಿಂದಿನ ಕೈಬರಹದ ಪಹಣಿ, ಹಕ್ಕು ಬದಲಾವಣೆ ವಹಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್ ಇವೆಲ್ಲ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಇರುತ್ತವೆ. ಗೆದ್ದಲು, ಧೂಳು, ಹರಿದ ಅಂಚು ಇವುಗಳಿಂದ ಅವನ್ನು ಉಳಿಸಲು 2024ರಿಂದ ‘ಭೂ ಸುರಕ್ಷಾ’ ಎಂಬ ಹೆಸರಿನಲ್ಲಿ ಹಳೆಯ ಕಡತಗಳ ಹಾಳೆಹಾಳೆಯನ್ನೂ ಸ್ಕ್ಯಾನ್ ಮಾಡುವ ಕೆಲಸ ನಡೆದಿದೆ. ಈ ಒಂದು ಕೆಲಸಕ್ಕೆ ಸರ್ಕಾರವನ್ನು ಮನಸಾರೆ ಮೆಚ್ಚಬೇಕು. ನಿಮ್ಮ ಎಂ.ಆರ್. ಸಂಖ್ಯೆಯನ್ನು ಬರೆದು ಕೇಳಿದರೆ ಹುಡುಕುವವರಿಗೂ ಸುಲಭ, ನಿಮಗೂ ಅಲೆದಾಟ ಕಡಿಮೆ.

ಹಳೆಯ ಕಾಗದ ಓದುವಾಗ ಎರಡು ಪುಟ್ಟ ಮಾತುಗಳು ಗೊತ್ತಿರಬೇಕು. ‘ಬಿನ್’ ಎಂದರೆ ಇಂಥವರ ಮಗ. ‘ಕೋಂ’ ಎಂದರೆ ಇಂಥವರ ಹೆಂಡತಿ. ಮುಸಲ್ಮಾನ ದೊರೆಗಳ ಕಾಲದ ಕಚೇರಿ ಭಾಷೆಯಿಂದ ಬಂದ ಈ ‘ಬಿನ್’ ಎಂಬ ಎರಡಕ್ಷರ ನಮ್ಮ ವಂಶದ ಗಿಡದಲ್ಲಿ ಒಂದೊಂದು ಗೆಣ್ಣು ಇದ್ದ ಹಾಗೆ. ಕಬ್ಬಿನ ಗೆಣ್ಣಿನಂತೆ ಅಲ್ಲಿಂದಲೇ ಮುಂದಿನ ಮೊಳಕೆ. ಆದರೆ ಮೋಸ ಹೋಗುವುದೂ ಅಲ್ಲಿಯೇ. ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರನ್ನಿಡುವ ವಾಡಿಕೆ ಉಂಟಲ್ಲ! ಬೋರೇಗೌಡ ಬಿನ್ ಕಾಳೇಗೌಡ, ಆಮೇಲೆ ಕಾಳೇಗೌಡ ಬಿನ್ ಬೋರೇಗೌಡ, ಮತ್ತೆ ಬೋರೇಗೌಡ ಬಿನ್ ಕಾಳೇಗೌಡ. ನೂರು ವರ್ಷದಲ್ಲಿ ಎರಡೇ ಹೆಸರು ಉಯ್ಯಾಲೆ ಆಡುತ್ತವೆ. ಮುತ್ತಾತನ ಸಾಲವನ್ನು ಮೊಮ್ಮಗನ ತಲೆಗೆ ಕಟ್ಟಿದಂತೆ ಎರಡು ತಲೆಮಾರನ್ನು ಒಂದೇ ಆಳು ಎಂದು ಎಣಿಸಿಬಿಡುವುದು ಬಹಳ ಸಲೀಸು. ಆದ್ದರಿಂದ ಹೆಸರಿನ ಪಕ್ಕದಲ್ಲಿ ವರ್ಷ ಬರೆಯದೆ ಮುಂದಕ್ಕೆ ಹೋಗಬೇಡಿ. ದೊಡ್ಡ, ಚಿಕ್ಕ, ಮರಿ, ಪಟೇಲ, ಪೂಜಾರಿ ಎಂಬ ಅಡ್ಡ ಗುರುತುಗಳನ್ನು ಬಿಡಬೇಡಿ. ಕ್ರಯಪತ್ರ, ಪಾಲುಪಾರಿಕತ್ತುಗಳಲ್ಲಿ ಚೆಕ್ಕುಬಂದಿ ಎಂದು ನಾಲ್ಕು ದಿಕ್ಕಿನ ಜಮೀನಿನವರ ಹೆಸರು ಬರೆದಿರುತ್ತಾರಷ್ಟೆ. ಆ ನಾಲ್ವರಲ್ಲಿ ಒಬ್ಬಿಬ್ಬರು ಅಣ್ಣತಮ್ಮಂದಿರೇ ಆಗಿರುವುದು ಉಂಟು, ಏಕೆಂದರೆ ಭಾಗವಾದಾಗ ಹೊಲ ಸೀಳುವುದು ಪಕ್ಕಪಕ್ಕಕ್ಕೇ.

ಊರಿನ ಹೆಸರೂ ಹಾಗೆಯೇ. ನಮ್ಮ ಪಾಂಡವಪುರ ಹಳೆಯ ಕಾಗದಗಳಲ್ಲಿ ‘ಹಿರೋಡೆ’ ಎಂದೋ ‘ಫ್ರೆಂಚ್ ರಾಕ್ಸ್’ ಎಂದೋ ಇರುತ್ತದೆ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸೈನಿಕರು ಇಲ್ಲಿನ ಬೆಟ್ಟದ ಬಳಿ ಬೀಡುಬಿಟ್ಟಿದ್ದರಿಂದ ಬಂದ ಹೆಸರು ಅದು. ಮಂಡ್ಯ ಜಿಲ್ಲೆಯಾದದ್ದು 1939ರ ಜುಲೈ 1ರಂದು. ಅದಕ್ಕೆ ಹಿಂದಿನದನ್ನು ಹುಡುಕುವವರು ಮೈಸೂರು ಜಿಲ್ಲೆ ಎಂದೇ ಹುಡುಕಬೇಕು.

ಇನ್ನು ನಮ್ಮ ಮನೆಯದೇ ಒಂದು ಸಂಗತಿ ಹೇಳಬೇಕು. ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಆದರೂ ಹೇಳುತ್ತೇನೆ.

ನಮ್ಮ ತಂದೆ ತೀರಿಕೊಂಡದ್ದು 2006ರಲ್ಲಿ. ನಾವು ಮೂವರು ಗಂಡುಮಕ್ಕಳು, ಅಕ್ಕ ಒಬ್ಬಳು, ತಂಗಿ ಒಬ್ಬಳು. ಪೌತಿ ಖಾತೆಗೆ ವಂಶವೃಕ್ಷ ಬರೆದುಕೊಡುವಾಗ ಮೂರೇ ಹೆಸರು ಬರೆದೆವು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ನಾಲಿಗೆಯ ಮೇಲಿತ್ತು. ಅಕ್ಕತಂಗಿಯರು ತಾವಾಗಿ ಕೇಳಲೂ ಇಲ್ಲ. ಕೆಲಸ ಸಲೀಸಾಗಿ ಮುಗಿಯಿತೆಂದು ಸಂತೋಷಪಟ್ಟೆವು. ಹದಿನೈದು ವರ್ಷಗಳ ಮೇಲೆ, ಊರ ಗ್ರಂಥಾಲಯದಲ್ಲಿ ಹುಡುಗರು ಭೂಮಿ ಜಾಲತಾಣ ನೋಡುವುದನ್ನು ಕಲಿಸಿಕೊಟ್ಟ ಮೇಲೆ, ನನಗೆ ಹಿಂದಿನದನ್ನು ಹುಡುಕುವ ಹುಚ್ಚು ಹತ್ತಿತು. ನಾಲೆಯ ಕೆಳಗಿನ 1 ಎಕರೆ 10 ಗುಂಟೆ ಗದ್ದೆ ನಮ್ಮ ಮನೆಯ ಅನ್ನದ ತಟ್ಟೆ. ತಾತ ಸಂಪಾದಿಸಿದ್ದು ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಪಹಣಿಯ ಹತ್ತನೆಯ ಅಂಕಣ ಹಿಡಿದು ಹಿಂದೆ ಹಿಂದೆ ಹೋಗಿ, ಕಡೆಗೆ ದಾಖಲೆ ಕೊಠಡಿಯಿಂದ ತೆಗೆಸಿದ ನಕಲಿನಲ್ಲಿ 1968ನೆಯ ಇಸವಿಯ ಬದಲಾವಣೆ ಸಿಕ್ಕಿತು. ‘ತಾಯಿಯ ಮರಣಾನಂತರ ಪೌತಿ ಮೂಲಕ ಮಗನಿಗೆ’ ಎಂದಿತ್ತು. ತಂದೆಯ ಅಲ್ಲ, ತಾಯಿಯ! ಅಲ್ಲಿಂದ ಹಿಂದಕ್ಕೆ ಹೋದರೆ 1936ರ ಒಂದು ದಾನಪತ್ರ. ಚಿನಕುರಳಿ ಹೋಬಳಿಯ ಒಬ್ಬ ತಂದೆ ತನ್ನ ಮಗಳಿಗೆ ಅರಿಶಿನ ಕುಂಕುಮಕ್ಕೆಂದು ಬರೆದುಕೊಟ್ಟ ಗದ್ದೆ ಅದು. ಆ ಮಗಳೇ ನಮ್ಮ ಅಜ್ಜಿ. ಅವಳ ಹೆಸರಿನ ಮುಂದೆ ‘ಕೋಂ’ ಎಂದು ಬರೆದು ಆಮೇಲೆ ತಾತನ ಹೆಸರಿತ್ತು. ವರ್ಷ ಕಳೆದಂತೆ ಊರವರ ಬಾಯಲ್ಲಿ ಅಜ್ಜಿಯ ಹೆಸರು ಉದುರಿ, ತಾತನ ಹೆಸರು ಮಾತ್ರ ಉಳಿಯಿತು.

ಅಜ್ಜಿಗೆ ಮಕ್ಕಳು ಇಬ್ಬರು. ನಮ್ಮಪ್ಪ, ಮತ್ತು ಕೆ.ಆರ್. ಪೇಟೆ ತಾಲ್ಲೂಕಿಗೆ ಕೊಟ್ಟ ನಮ್ಮ ಸೋದರತ್ತೆ. ತಾತ ಅಜ್ಜಿಗಿಂತ ಮೊದಲೇ ಹೋಗಿದ್ದರು. 1956ರ ಹಿಂದೂ ಉತ್ತರಾಧಿಕಾರ ಕಾನೂನಿನ ಪ್ರಕಾರ ಹೆಣ್ಣಿನ ಸ್ವಂತ ಆಸ್ತಿ, ಅವಳು ಉಯಿಲು ಬರೆಯದೆ ಸತ್ತರೆ, ಅವಳ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮನಾಗಿ ಹೋಗಬೇಕು. ಅಂದರೆ ಆ ಗದ್ದೆಯಲ್ಲಿ 25 ಗುಂಟೆ ಅತ್ತೆಯದು. ಅಪ್ಪ ಬರೆದುಕೊಟ್ಟ ವಂಶವೃಕ್ಷದಲ್ಲಿ ಅತ್ತೆ ಇಲ್ಲ. ನಾವು ಬರೆದುಕೊಟ್ಟದ್ದರಲ್ಲಿ ಅಕ್ಕ ತಂಗಿ ಇಲ್ಲ. ಎರಡು ತಲೆಮಾರಿನಲ್ಲೂ ಒಂದೇ ತಪ್ಪು, ಅದೂ ಒಬ್ಬ ಹೆಂಗಸಿನ ಗದ್ದೆಯ ಅನ್ನ ಉಂಡುಕೊಂಡು.

ಪಿತ್ರಾರ್ಜಿತದ ಮಾತೂ ಹಾಗೆಯೇ ಇದೆ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದಲೂ, ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದಲೂ ಮಗಳಿಗೆ ಮಗನಂತೆಯೇ ಹುಟ್ಟಿನಿಂದ ಪಾಲು ಕೊಟ್ಟಿವೆ. 2005ರಲ್ಲಿ ತಂದೆ ಬದುಕಿದ್ದರೋ ಇಲ್ಲವೋ ಎಂಬ ತಕರಾರನ್ನೂ ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರ ತೀರ್ಪಿನಲ್ಲಿ ಬಗೆಹರಿಸಿದೆ. ತಂದೆ ಇರಲಿ ಬಿಡಲಿ, ಮಗಳ ಹಕ್ಕು ಹಕ್ಕೇ. ಹಳೆಯ ವಿಭಾಗಗಳಿಗೆ ಬೇರೆ ನಿಬಂಧನೆಗಳಿವೆ, ಅವನ್ನು ಬಲ್ಲ ವಕೀಲರಲ್ಲಿ ಕೇಳಿಕೊಳ್ಳಿ. ಕಾನೂನಿನ ಮಾತು ಹಾಗಿರಲಿ. ಮನೆಯ ವಂಶಾವಳಿ ಬರೆಯುವಾಗ ಮಗಳನ್ನು ಬಿಟ್ಟರೆ ಅದು ಸುಳ್ಳು ವಂಶಾವಳಿ ಎನ್ನುವುದಕ್ಕೆ ಯಾವ ಕೋರ್ಟೂ ಬೇಕಿಲ್ಲ. ಹೆಳವರು ನಮ್ಮ ಮನೆಯ ಮುಂದೆ ಹಾಡಿದ್ದನ್ನು ನಾನು ಚಿಕ್ಕಂದಿನಲ್ಲಿ ಕೇಳಿದ್ದೇನೆ. ಅಲ್ಲಿಯೂ ಗಂಡಿನ ಸಾಲೇ. ಪಹಣಿಯಲ್ಲೂ ಗಂಡಿನ ಸಾಲೇ. ಹಾಡಿದವರನ್ನೂ ಬರೆದವರನ್ನೂ ದೂರಿ ಪ್ರಯೋಜನವಿಲ್ಲ, ಅವರು ನಾವು ಹೇಳಿದ್ದನ್ನು ಬರೆದುಕೊಂಡರು.

ವಂಶದ ದಾರ ಎಷ್ಟು ಹಿಂದಕ್ಕೆ ಹೋಗುತ್ತದೆ ಎಂದು ನೀವು ಕೇಳಬಹುದು. ನಮ್ಮ ಸೀಮೆಯ ಒಕ್ಕಲು ಮನೆಗಳಲ್ಲಿ ನಾಲ್ಕೈದು ತಲೆಮಾರಿಗೆ ದಾರ ತುಂಡಾಗುವುದೇ ಹೆಚ್ಚು. ಅದಕ್ಕೆ ಕಾರಣವೂ ದಾಖಲೆಯಲ್ಲಿದೆ. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ 50,55,412 ಜನರಿದ್ದರು, 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಜನ ಹೆಚ್ಚುವ ಬದಲು ಎಂಟೂವರೆ ಲಕ್ಷಕ್ಕಿಂತ ಮೇಲ್ಪಟ್ಟು ಇಳಿದುಹೋದರು. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳ ಬರ, ಅಂದರೆ 1876ರಿಂದ 1878ರವರೆಗಿನದು, ಮಾಡಿದ ಕೆಲಸ ಅದು. ಊರಿಗೆ ಊರೇ ಗಂಟು ಕಟ್ಟಿ ಹೊರಟಿತು, ದಾರಿಯಲ್ಲಿ ಬಿದ್ದವರು ಬಿದ್ದರು, ಉಳಿದವರು ಸಿಕ್ಕ ಊರಿನಲ್ಲಿ ನೆಲೆಸಿದರು. ಅದರ ಮೇಲೆ 1898ರಿಂದ ಪ್ಲೇಗು. ನಿಮ್ಮ ಮುತ್ತಾತನ ಅಪ್ಪ ‘ಎಲ್ಲಿಂದಲೋ ಬಂದವನು’ ಎಂದು ಮನೆಯಲ್ಲಿ ಹೇಳಿಕೆಯಿದ್ದರೆ ಅದು ಕಟ್ಟುಕಥೆ ಎಂದು ತಳ್ಳಿಹಾಕಬೇಡಿ.

ಕಂದಾಯ ದಾಖಲೆಯಲ್ಲಿ ‘ಬೇಚಿರಾಕ್’ ಗ್ರಾಮ ಎಂದು ಕೆಲವು ಊರುಗಳ ಮುಂದೆ ಬರೆದಿರುತ್ತಾರೆ. ದೀಪವಿಲ್ಲದ್ದು ಎಂದು ಆ ಪದದ ಅರ್ಥ. ಗ್ರಾಮಕ್ಕೆ ಹೆಸರಿದೆ, ಎಲ್ಲೆಯಿದೆ, ಸರ್ವೆ ನಂಬರುಗಳಿವೆ, ಮನೆ ಒಂದೂ ಇಲ್ಲ. ಗ್ರಾಮ ನಕ್ಷೆಗಳೂ ಅದೇ ಭೂದಾಖಲೆ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ತೆಗೆದು ನಿಮ್ಮ ಊರಿನ ಸುತ್ತಮುತ್ತ ನೋಡಿ. ದಿಶಾಂಕ್ ಎಂಬ ಸರ್ಕಾರದ ಆ್ಯಪ್ ಮೊಬೈಲಿನಲ್ಲಿದ್ದರೆ ನೀವು ನಿಂತ ನೆಲ ಯಾವ ಗ್ರಾಮದ ಯಾವ ಸರ್ವೆ ನಂಬರು ಎಂದು ತೋರಿಸುತ್ತದೆ. ಹೊಲದ ನಡುವೆ ಮುರಿದ ಗುಡಿ, ಒಡೆದ ಮಡಕೆ ಚೂರು, ಒಂಟಿ ಆಲದ ಮರ ಇರುವ ಕಡೆ ನಿಂತು ಅದನ್ನು ತೆರೆದು ನೋಡಿ, ನೀವು ಕೇಳರಿಯದ ಊರಿನ ಹೆಸರು ಕಾಣಿಸಿದರೆ ಆಶ್ಚರ್ಯವಿಲ್ಲ.

ನೀರಿನಡಿಗೆ ಹೋದ ಊರುಗಳ ಮಾತು ಬೇರೆ. 1911ರಲ್ಲಿ ಕೆಲಸ ತೊಡಗಿದ ಕನ್ನಂಬಾಡಿ ಕಟ್ಟೆ 1930ರ ದಶಕದ ಮೊದಲಿನಲ್ಲಿ ಮುಗಿಯಿತು. ವಿಶ್ವೇಶ್ವರಯ್ಯ ನಾಲೆಯ ನೀರು ಉಂಡ ನಾವು ಆ ಕಟ್ಟೆಗೆ ದಿನಾ ಕೈ ಮುಗಿಯುತ್ತೇವೆ, ಮುಗಿಯಬೇಕು. ಆದರೆ ಹಳೆಯ ಕನ್ನಂಬಾಡಿ ಮೊದಲ್ಗೊಂಡು ಹಲವು ಊರುಗಳವರು ಮನೆಮಠ ಎತ್ತಿಕೊಂಡು ಬಂದು ಹೊಸ ಊರು ಕಟ್ಟಿದರು. ಆ ಮನೆಗಳವರು ಇಂದಿನ ಊರಿನ ಪಹಣಿಯಲ್ಲೇ ಬೇರನ್ನು ಹುಡುಕಿದರೆ ನೂರು ವರ್ಷಕ್ಕೆ ಗೋಡೆ ಅಡ್ಡ ಬರುತ್ತದೆ. ಅವರು ಕೇಳಬೇಕಾದದ್ದು ಮನೆದೇವರನ್ನು. ಯಾವ ಗುಡಿಯ ಒಕ್ಕಲು, ಹಬ್ಬಕ್ಕೆ ಮೊದಲ ಹಣ್ಣುಕಾಯಿ ಎಲ್ಲಿಗೆ ಹೋಗುತ್ತದೆ, ಮಗುವಿನ ಮುಡಿ ಎಲ್ಲಿ ಕೊಡುತ್ತೀರಿ ಎಂಬುದು ಹಳೆಯ ಊರಿನ ದಿಕ್ಕನ್ನು ಹೇಳುತ್ತದೆ. ಅದು ಸುಳಿವು, ಸಾಕ್ಷಿಯಲ್ಲ.

ಸುಳಿವನ್ನೇ ಸಾಕ್ಷಿ ಮಾಡಿಕೊಳ್ಳುವ ಚಪಲ ನಮ್ಮಲ್ಲಿ ಕಡಿಮೆಯಿಲ್ಲ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟ 1894ರಲ್ಲಿ ಬಂತು. ಮೇಲುಕೋಟೆ, ತೊಣ್ಣೂರುಗಳ ಶಾಸನಗಳು ಅದರಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಹೆಸರಿನಡಿಯಲ್ಲಿವೆ. ಮೈಸೂರು ವಿಶ್ವವಿದ್ಯಾನಿಲಯದವರು 1977ರಲ್ಲಿ ಹೊರತಂದ ಪರಿಷ್ಕೃತ ಆರನೆಯ ಸಂಪುಟದಲ್ಲಿ ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಮೂರೂ ತಾಲ್ಲೂಕುಗಳಿವೆ. ರೈಸರ ಸಂಪುಟ ಜಾಲತಾಣದಲ್ಲಿ ಪುಕ್ಕಟೆ. ನಿಮ್ಮ ಊರ ಮುಂದಿನ ವೀರಗಲ್ಲಿನ ಮೇಲೆ ಏನು ಬರೆದಿದೆ ಎಂದು ಅದರಲ್ಲಿ ಓದಿ, ಮಕ್ಕಳಿಗೆ ಓದಿಸಿ, ಆ ಕಲ್ಲಿಗೆ ದನ ಕಟ್ಟುವುದನ್ನು ಬಿಡಿ. ಆದರೆ ಅದರಲ್ಲಿ ‘ಗಾವುಂಡ’ ಎಂದಿರುವುದನ್ನು ಕಂಡು ‘ಇವನೇ ನಮ್ಮ ಮೂಲಪುರುಷ’ ಎಂದು ಮದುವೆಯ ಕರೆಯೋಲೆಯಲ್ಲಿ ಹಾಕಿಸಿಬಿಡಬೇಡಿ. ಆ ಗಾವುಂಡನಿಗೂ ನಿಮ್ಮ ಮುತ್ತಾತನಿಗೂ ನಡುವೆ ಎಂಟುನೂರು ವರ್ಷಗಳ ಹೆಸರಿಲ್ಲದ ಕತ್ತಲೆಯಿದೆ. ಗಂಗರ ದಂಡನಾಯಕನ ಮೊಮ್ಮಗ ಎನಿಸಿಕೊಳ್ಳುವ ಆಸೆ ಎಲ್ಲರಿಗೂ ಉಂಟು, ಗಂಗರ ಕಾಲದಲ್ಲಿ ಸೆಗಣಿ ಬಾಚಿದವನ ಮೊಮ್ಮಗ ಯಾರೂ ಇಲ್ಲವೇ?

ಪಹಣಿ ಹಿಡಿದು ಹೊರಟರೆ ಭೂಮಿ ಇದ್ದವರ ವಂಶ ಮಾತ್ರ ಸಿಗುತ್ತದೆ, ಇಲ್ಲದವರು ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಹೇಳದಿದ್ದರೆ ಈ ಲೇಖನ ಅರ್ಧವಾಗುತ್ತದೆ. ಗೇಣಿದಾರರಾಗಿದ್ದವರು ಹಳೆಯ ಪಹಣಿಯ ಹನ್ನೆರಡನೆಯ ಅಂಕಣ, ಅಂದರೆ ಸಾಗುವಳಿದಾರರ ಅಂಕಣವನ್ನು ನೋಡಬೇಕು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಏಳನೆಯ ನಮೂನೆಯ ಅರ್ಜಿ ಹಾಕಿದ ಮನೆಗಳ ಭೂನ್ಯಾಯಮಂಡಳಿ ಕಡತದಲ್ಲಿ ಅಪ್ಪ ಅಜ್ಜಂದಿರು ಎಂದಿನಿಂದ ಆ ಹೊಲ ಉತ್ತರು ಎಂಬ ಹೇಳಿಕೆಗಳಿರುತ್ತವೆ. ತೋಟಿ, ತಳವಾರ, ನೀರಗಂಟಿ ಕೆಲಸ ಮಾಡಿದ ಮನೆತನಗಳಿಗೆ ಇನಾಂ ಜಮೀನಿನ ಮರುಮಂಜೂರಾತಿ ಕಡತವಿದೆ. ಪಟೇಲ, ಶಾನುಭೋಗಿಕೆಯೂ ಸೇರಿ ವಂಶಪಾರಂಪರ್ಯ ಗ್ರಾಮಾಧಿಕಾರಗಳು 1963ರ ಫೆಬ್ರವರಿ 1ರಿಂದ ರದ್ದಾದಾಗ, ಆ ನೆಲ ಯಾರಿಗೆ ಸೇರಬೇಕೆಂದು ನಿರ್ಧರಿಸಲು ಮನೆತನದ ವಿವರ ಕೇಳಿ ಬರೆದುಕೊಂಡದ್ದುಂಟು. ಅಷ್ಟೂ ಇಲ್ಲದ ಕೂಲಿ ಮನೆಗಳಿಗೆ ಊರ ಶಾಲೆಯ ದಾಖಲಾತಿ ಪುಸ್ತಕವೇ ಗತಿ. ಅದು ಜಾಲತಾಣದಲ್ಲಿಲ್ಲ, ಮುಖ್ಯೋಪಾಧ್ಯಾಯರ ಬೀರುವಿನಲ್ಲಿದೆ. ಕೇಳಿದರೆ ತೋರಿಸುವವರು ಇದ್ದಾರೆ.

ಮತದಾರರ ಪಟ್ಟಿಗೆ ಜಾತಿಯಿಲ್ಲ, ಜಮೀನಿಲ್ಲ. 2002ರ ಪಟ್ಟಿಯನ್ನು ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಹಾಕಿದ್ದಾರೆ. ಅದರಲ್ಲಿ ಮನೆ ನಂಬರು, ವಯಸ್ಸು, ತಂದೆಯ ಅಥವಾ ಗಂಡನ ಹೆಸರು ಇರುತ್ತದೆ. 2002ರಲ್ಲಿ ಎಂಬತ್ತು ವರ್ಷದ ಮುದುಕರೊಬ್ಬರ ಹೆಸರು ಸಿಕ್ಕಿದರೆ 1922ರ ಸುಮಾರಿಗೆ ಹುಟ್ಟಿದವರು, ಅವರ ತಂದೆಯ ಹೆಸರೂ ಸಿಕ್ಕಿತಲ್ಲ! ಇಲ್ಲಿ ಹೆಂಗಸರ ಹೆಸರೂ ಉಂಟು ಎಂಬುದು ದೊಡ್ಡ ಅನುಕೂಲ. ಹುಡುಕುವಾಗ ಈಗಿನ ಮೇಲುಕೋಟೆ ಕ್ಷೇತ್ರ ಎಂದು ಹುಡುಕಬೇಡಿ. 2008ಕ್ಕೆ ಮುಂಚೆ ಅದು ಪಾಂಡವಪುರ ಕ್ಷೇತ್ರ.

ಅಮೆರಿಕದ ಊಟಾ ಪ್ರಾಂತ್ಯದ ಮಾರ್ಮನ್ ಚರ್ಚಿನವರು ‘ಫ್ಯಾಮಿಲಿ ಸರ್ಚ್’ ಎಂಬ ಜಾಲತಾಣ ನಡೆಸುತ್ತಾರೆ. ಜಗತ್ತಿನ ಹಲವು ಕಡೆಗಳ ವಂಶಾವಳಿ ದಾಖಲೆಗಳು ಅಲ್ಲಿ ಪುಕ್ಕಟೆ. ಹರಿದ್ವಾರದ ಪಂಡರು ಯಾತ್ರಿಕರ ಮನೆತನಗಳನ್ನು ತಲೆಮಾರುಗಳಿಂದ ಬರೆದಿಟ್ಟ ಬಹಿಗಳ ಚಿತ್ರಗಳೂ ಅಲ್ಲಿವೆ. ಉತ್ತರದವರಿಗೆ ಅದು ನಿಧಿ. ನಮ್ಮ ಹಳ್ಳಿಗಳ ಒಕ್ಕಲಿಗೆ ಅಲ್ಲಿ ಹೆಚ್ಚು ಸಿಗುವುದಿಲ್ಲ. ನಮ್ಮ ಬಹಿ ಹೆಳವರ ಹೆಗಲ ಚೀಲದಲ್ಲಿದೆ. ಈ ಸುಗ್ಗಿಗೆ ಅವರು ಬಂದರೆ ಕೂರಿಸಿ, ಊಟ ಹಾಕಿ, ಅವರ ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ಹಾಡನ್ನು ತುಂಬಿಕೊಳ್ಳಿ. ಸಲ್ಲಬೇಕಾದ ಕಾಣಿಕೆಯನ್ನು ಸಲ್ಲಿಸಿ. ಇಂಟರ್ನೆಟ್ಟಿನಲ್ಲಿ ಎಲ್ಲವೂ ಪುಕ್ಕಟೆ ಎಂದು ಅವರಿಗೂ ಪುಕ್ಕಟೆ ಮಾಡಬೇಡಿ.

ಒಂದೆರಡು ಎಚ್ಚರಿಕೆ. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವ ಸಿದ್ಧವಾಗಿಬಿಡುವುದಿಲ್ಲ, ಹೆಸರಿಲ್ಲದ ಮಾತ್ರಕ್ಕೆ ಹೋಗಿಬಿಡುವುದೂ ಇಲ್ಲ. ದಾಖಲೆ ನೋಡುವುದಕ್ಕೆ ನಿಮ್ಮ ಬ್ಯಾಂಕ್ ಖಾತೆಯ ಸಂಖ್ಯೆಯಾಗಲಿ ಮೊಬೈಲಿಗೆ ಬರುವ ಗುಟ್ಟಿನ ಅಂಕಿಯಾಗಲಿ ಯಾರಿಗೂ ಹೇಳಬೇಕಾಗಿಲ್ಲ. ಕೇಳಿದವನು ಕಳ್ಳನೆಂದೇ ತಿಳಿಯಿರಿ. ಇನ್ನು, ನಿಮ್ಮ ಪಹಣಿ ನಿಮಗೆ ಪುಕ್ಕಟೆ ಕಾಣುವಂತೆ ಬೇರೆಯವರಿಗೂ ಕಾಣುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಆಸುಪಾಸಿನ ಯಾವ ಜಮೀನು ಸತ್ತವರ ಹೆಸರಿನಲ್ಲಿದೆ, ಯಾವ ಮನೆಯಲ್ಲಿ ಜಗಳವಿದೆ ಎಂದು ಹುಡುಕುತ್ತಾ ಕುಳಿತ ಜಮೀನು ದಳ್ಳಾಳಿಗಳು ನಿಮಗಿಂತ ಮೊದಲೇ ಅದನ್ನು ನೋಡಿರುತ್ತಾರೆ.

ಈ ಪತ್ರಿಕೆ ಓದಲು ನೀವು ಬರುವ ವಾಚನಾಲಯದಲ್ಲೇ ಈ ಕೆಲಸ ಆಗಬಹುದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಅರಿವು ಕೇಂದ್ರ ಎಂದು ಮಾಡಿ ಕಂಪ್ಯೂಟರು ಕೊಟ್ಟಿದ್ದಾರೆ. ಬಹಳ ಕಡೆ ಅದರ ಮೇಲೆ ಹೊದಿಸಿದ ಬಟ್ಟೆ ತೆಗೆದಿಲ್ಲ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಓದು ಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಕೂತರೆ, ಕಣ್ಣು ಮಂಜಾದ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ಹೆಸರು ಹೇಳಿದರೆ, ಒಂದು ಬೇಸಗೆಯಲ್ಲಿ ಊರಿನ ಅರ್ಧ ಮನೆಗಳ ಹಾಳೆ ತಯಾರಾಗುತ್ತದೆ. ನೆನಪುಳ್ಳ ಹಿರಿಯರು ವರ್ಷಕ್ಕೊಬ್ಬರಾದರೂ ಕಡಿಮೆಯಾಗುತ್ತಿರುವಾಗ ಈ ಬೇಸಗೆಯನ್ನು ಮುಂದಿನ ಬೇಸಗೆಗೆ ತಳ್ಳುವುದು ಸರಿಯಲ್ಲ.

ದಾನಪತ್ರದ ನಕಲನ್ನು ಹಿಡಿದು ನಾನು ಅತ್ತೆಯ ಊರಿಗೆ ಹೋದೆ. ಎಂಬತ್ತೈದರ ಹತ್ತಿರದ ಮುದುಕಿ, ಓದು ಬರುವುದಿಲ್ಲ. ಅವ್ವನ ಹೆಸರು ಎಲ್ಲಿದೆ ತೋರಿಸು ಎಂದಳು. ತೋರಿಸಿದೆ. ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕುಳಿತಳು. ‘ಅದು ನಮ್ಮವ್ವುನ್ ಗದ್ದೆ ಅಂತ ನಾನು ಹೇಳುದ್ರೆ ಆಗ ಯಾರ್ ಕೇಳುದ್ರು ಮಗ?’ ಎಂದಳು. ಬೇರೆ ಏನನ್ನೂ ಅನ್ನಲಿಲ್ಲ, ಪಾಲನ್ನೂ ಕೇಳಲಿಲ್ಲ. ಮನೆಯಲ್ಲಿ ಆ 25 ಗುಂಟೆಯ ಮಾತು ಇನ್ನೂ ಮುಗಿದಿಲ್ಲ. ಹಳೆಯ ಕಾಗದ ಕೆದಕಿದ್ದಕ್ಕೆ ಒಬ್ಬ ತಮ್ಮ ನನ್ನೊಡನೆ ಮಾತು ಬಿಟ್ಟಿದ್ದಾನೆ. ಅಕ್ಕ ತಂಗಿಯರ ಹೆಸರನ್ನು ಸೇರಿಸಿ ತಿದ್ದಿದ ಹಾಳೆ ನಡುಮನೆಯ ಗೋಡೆಗೆ ಹತ್ತಿದೆ. ಅಜ್ಜಿಯ ಹೆಸರಿನ ಮೇಲೆ ಅವಳ ತಂದೆಯ ಹೆಸರು ಬಂತು, ತಾಯಿಯ ಹೆಸರಿನ ಜಾಗ ಖಾಲಿಯಿದೆ. ಆ ಊರಿನಲ್ಲಿ ಕೇಳಿದರೆ ಗೊತ್ತಾದೀತು ಎಂದು ಅತ್ತೆ ಒಬ್ಬರ ಮನೆ ಹೇಳಿದ್ದಾಳೆ. ಕಬ್ಬು ಕಡಿದು ಮುಗಿದ ಮೇಲೆ, ಅವಳನ್ನೂ ಕರೆದುಕೊಂಡು ಹೋಗಿ ಬರಬೇಕೆಂದಿದ್ದೇನೆ.